ಕೂಗಬಾರದ ಹೆಸರು

ನನ್ನ ಕೆಲಸ ಕೂಗುವುದು. ಎರಡನೇ ಮಹಡಿಯ ಕೋರ್ಟ್ ಹಾಲಿನ ಬಾಗಿಲಲ್ಲಿ ನಿಂತು, ಪಟ್ಟಿಯಲ್ಲಿರುವ ಹೆಸರನ್ನು ಮೂರು ಸಲ ಕೂಗಬೇಕು. ಮೂರನೇ ಕೂಗಿಗೂ ಯಾರೂ ಬಾರದಿದ್ದರೆ ಗೈರು ಎಂದು ಬರೆದುಕೊಳ್ಳುತ್ತಾರೆ. ಮೂವತ್ತೊಂದು ವರ್ಷದಿಂದ ಇದೇ ಕೆಲಸ. ವಕೀಲರು, ಪೊಲೀಸರು, ಕ್ಯಾಂಟೀನಿನವನು, ಎಲ್ಲರ ಬಾಯಲ್ಲೂ ನಾನು ಕೂಗಣ್ಣ. ಕೆಳಗಿನ ಮಹಡಿಯ ಟೈಪಿಸ್ಟುಗಳು ಗಡಿಯಾರ ನೋಡುವುದಿಲ್ಲ, ನನ್ನ ಮೊದಲ ಕೂಗು ಕೇಳಿ ಹನ್ನೊಂದು ಗಂಟೆಯಾಯಿತು ಎಂದುಕೊಳ್ಳುತ್ತಾರೆ.

ಇಷ್ಟು ವರ್ಷ ಜನರ ಹೆಸರು ಕೂಗಿ ಕೂಗಿ ನನಗೊಂದು ಕೆಟ್ಟ ಗುಣ ಅಂಟಿಕೊಂಡಿದೆ. ಯಾರನ್ನೂ ನಂಬುವುದಿಲ್ಲ. ಹೆಸರು ಕೂಗಿದಾಗ ಮನುಷ್ಯ ಹೇಗೆ ಏಳುತ್ತಾನೆ ಎನ್ನುವುದರಲ್ಲೇ ಅರ್ಧ ಕೇಸು ಗೊತ್ತಾಗಿಬಿಡುತ್ತದೆ. ಥಟ್ಟನೆ ಎದ್ದು ಅಂಗಿ ಸರಿಮಾಡಿಕೊಳ್ಳುವವನು ಬಾಯಿಪಾಠ ಮಾಡಿಕೊಂಡು ಬಂದಿರುತ್ತಾನೆ. ಅತ್ತಿತ್ತ ನೋಡಿ ಏಳುವವನನ್ನು ಇನ್ನೊಬ್ಬರು ತಳ್ಳಿ ಕಳಿಸಿರುತ್ತಾರೆ. ನನ್ನ ಹೆಂಡತಿ ಇದನ್ನು ಕಾಯಿಲೆ ಅನ್ನುತ್ತಾಳೆ. "ಹಾಲಿನವನಿಗೆ ನೆಗಡಿ ಆಗಿದೆ ಅಂದ್ರೂ ನಂಬಲ್ಲ ನೀವು" ಎಂದು ಅವಳ ದೂರು. ಆ ಹಾಲಿನವನಿಗೆ ತಿಂಗಳಿಗೆ ಮೂರು ಸಲ ನೆಗಡಿಯಾಗುತ್ತದೆ, ಹೇಗೆ ನಂಬಲಿ?

ಅಂದು ಗುರುವಾರ. ಬೆಳಿಗ್ಗೆ ಬೆಂಚ್ ಕ್ಲರ್ಕ್ ಮೇಡಂ ನನ್ನ ಕೈಗೆ ಪಟ್ಟಿ ಕೊಟ್ಟರು. ಕಾಗದ ಕಂಡರೆ ಸೀಲು ಒತ್ತದೆ ಬಿಡದ ಹೆಂಗಸು, ಹಾಗಾಗಿ ನಾವೆಲ್ಲ ಸೀಲಮ್ಮ ಅನ್ನುವುದು. ಪಟ್ಟಿಯ ಕೊನೆಯ ಸಾಲಿನಲ್ಲಿ ಹೆಸರೇ ಇರಲಿಲ್ಲ. ಒಂದು ನಂಬರು, ಅದರ ಮುಂದೆ 'ಅ' ಎಂಬ ಒಂದೇ ಅಕ್ಷರ.

"ಇದೇನು ಮೇಡಂ, ಹೆಸರು ಬರೆಯೋಕೆ ಇಂಕು ಖಾಲಿ ಆಯ್ತಾ?"

"ಅದನ್ನ ಕೂಗಬೇಡ. ಚೇಂಬರ್‌ನಲ್ಲೇ ವಿಚಾರಣೆ. ಅಷ್ಟೇ ತಿಳ್ಕೋ."

ಮೂವತ್ತೊಂದು ವರ್ಷದಲ್ಲಿ ಕೂಗಬೇಡ ಎಂದವರು ಯಾರೂ ಇರಲಿಲ್ಲ. ನನಗೆ ಸಿಟ್ಟು ಬಂತು. ಎಂಥ ಕೇಸು, ಯಾರದ್ದು ಎಂದು ಹಿಂದೆ ಬಿದ್ದೆ. ಸೀಲಮ್ಮ ಅತ್ತಿತ್ತ ನೋಡಿ, ದನಿ ಇಳಿಸಿ, ಕೇಸು ಎಂಥದ್ದು ಎಂದಷ್ಟೇ ಹೇಳಿದರು. ಹದಿನೆಂಟು ತುಂಬದ ಹುಡುಗಿ ಗರ್ಭಪಾತ ಮಾಡಿಸಿಕೊಳ್ಳಬೇಕೆಂದರೆ ಅಪ್ಪನದೋ ಅಮ್ಮನದೋ ಸಹಿ ಬೇಕು. ಅವರನ್ನು ಕೇಳುವ ಹಾಗಿಲ್ಲ ಎಂದಾದರೆ ಹುಡುಗಿ ನೇರವಾಗಿ ಕೋರ್ಟಿಗೆ ಅರ್ಜಿ ಹಾಕಬಹುದು. ನ್ಯಾಯಾಧೀಶರು ಅವಳೊಡನೆ ಮಾತಾಡಿ, ಅವಳಿಗೆ ವಿಷಯ ಅರ್ಥವಾಗಿದೆಯೇ, ಇದು ಅವಳದೇ ನಿರ್ಧಾರವೇ, ಯಾರಾದರೂ ಒತ್ತಾಯ ಮಾಡಿದ್ದಾರೆಯೇ ಎಂದು ನೋಡುತ್ತಾರೆ. ಸರಿ ಕಂಡರೆ ಅನುಮತಿ. ಹೆಸರು ಎಲ್ಲೂ ಬರುವ ಹಾಗಿಲ್ಲ, ಮನೆಗೆ ನೋಟಿಸು ಹೋಗುವ ಹಾಗಿಲ್ಲ, ಆದೇಶ ಮೊಹರು ಮಾಡಿದ ಲಕೋಟೆಯಲ್ಲಿ.

"ಅಪ್ಪ ಅಮ್ಮಂಗೆ ಗೊತ್ತಿಲ್ಲದ ಹಾಗೆ?"

"ಗೊತ್ತಾಗಬಾರದು ಅಂತಲೇ ಅಲ್ವಾ ಇಲ್ಲಿಗೆ ಬರೋದು."

ನನಗೂ ಒಬ್ಬಳು ಮಗಳಿದ್ದಾಳೆ. ಮದುವೆಯಾಗಿ ದೂರದ ಊರಿನಲ್ಲಿದ್ದಾಳೆ. ಅವಳು ನನ್ನಿಂದ ಇಂಥದ್ದನ್ನು ಮುಚ್ಚಿಟ್ಟು ಕೋರ್ಟಿಗೆ ಬಂದಿದ್ದರೆ ಎಂದುಕೊಂಡೆ. ಇದರಲ್ಲಿ ಏನೋ ಇದೆ ಅನ್ನಿಸಿತು.

ಕಾರಿಡಾರಿನ ತುದಿಯಲ್ಲಿ ಹಳೆಯ ರೆಕಾರ್ಡ್ ರೂಮಿದೆ. ಗಾಜಿನ ಬಾಗಿಲು, ಒಳಗೆ ಎರಡು ಕಬ್ಬಿಣದ ಬೀರು, ನಾಲ್ಕು ಕುರ್ಚಿ. ಅದರಾಚೆಗೆ ನ್ಯಾಯಾಧೀಶರ ಚೇಂಬರ್. ಹುಡುಗಿಯನ್ನು ಅಲ್ಲಿ ಕೂರಿಸಿದ್ದರು. ಶಾಲೆಯ ಬ್ಯಾಗನ್ನು ತೊಡೆಯ ಮೇಲಿಟ್ಟುಕೊಂಡು, ಅದರ ಜಿಪ್ಪನ್ನು ಎಳೆಯುತ್ತ, ಮತ್ತೆ ಹಾಕುತ್ತ ಕೂತಿದ್ದಳು. ಹದಿನಾರೋ ಹದಿನೇಳೋ ಇರಬೇಕು. ಪಕ್ಕದಲ್ಲಿ ನಲವತ್ತರ ಆಸುಪಾಸಿನ ಒಬ್ಬ ಹೆಂಗಸು. ಇಸ್ತ್ರಿ ಮಾಡಿದ ಬಟ್ಟೆ, ಒಳ್ಳೆಯ ಚಪ್ಪಲಿ, ಎದೆಗವಚಿಕೊಂಡ ಫೈಲು. ಇಬ್ಬರ ಮೂಗು ಕಣ್ಣಲ್ಲಿ ಒಂದಿಷ್ಟೂ ಹೋಲಿಕೆ ಇಲ್ಲ.

ನೀರಿನ ಜಗ್ಗು ಇಡುವ ನೆಪದಲ್ಲಿ ಒಳಗೆ ಹೋದೆ.

"ನೀವು ಏನಾಗಬೇಕು ಇವಳಿಗೆ?" ಹೆಂಗಸನ್ನು ಕೇಳಿದೆ.

"ಹತ್ತಿರದವಳು."

"ಹತ್ತಿರ ಅಂದ್ರೆ? ಚಿಕ್ಕಮ್ಮನಾ, ಅತ್ತೆನಾ?"

"ನೀರು ಇಟ್ರಲ್ಲ, ಥ್ಯಾಂಕ್ಸ್" ಎಂದು ಆಕೆ ಬಾಗಿಲ ಕಡೆ ನೋಡಿದಳು. ಹೊರಗೆ ಹೋಗು ಎನ್ನುವುದನ್ನು ಇಷ್ಟು ಮರ್ಯಾದೆಯಿಂದ ನನಗೆ ಯಾರೂ ಹೇಳಿರಲಿಲ್ಲ. ಸಂಬಂಧ ಹೇಳಲಾಗದವಳು ಸಂಬಂಧವಿಲ್ಲದವಳೇ ಎಂದು ಅಲ್ಲೇ ತೀರ್ಮಾನಿಸಿದೆ.

ಆಮೇಲೆ ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಕಾದೆ. ನಡುವೆ ಹಾಲಿನ ಬಾಗಿಲಿಗೆ ಹೋಗಿ ಒಂದೆರಡು ಹೆಸರು ಕೂಗಿ ಮತ್ತೆ ಇತ್ತ ಬರುತ್ತಿದ್ದೆ. ಎರಡು ಸಂಗತಿ ಕಂಡವು. ಮೊದಲನೆಯದು, ಹುಡುಗಿಯ ಮೊಬೈಲು ಹೆಂಗಸಿನ ಕೈಚೀಲದಲ್ಲಿತ್ತು. ಆಕೆ ಅದನ್ನು ತೆಗೆದು, ಆಫ್ ಆಗಿದೆಯೇ ಎಂದು ನೋಡಿ, ಮತ್ತೆ ಒಳಗೆ ಹಾಕಿದಳು. ಎರಡನೆಯದು ಇನ್ನೂ ಕೆಟ್ಟದ್ದು. ಬಾಗಿಲು ಸ್ವಲ್ಪ ತೆರೆದಿತ್ತು, ನಾನು ಮೈಯೆಲ್ಲ ಕಿವಿಯಾಗಿ ನಿಂತಿದ್ದೆ.

"'ಅವರು ಹೇಳಿದ್ರು' ಅಂತ ಶುರು ಮಾಡಬೇಡ" ಎಂದು ಹೆಂಗಸು ಹೇಳಿಕೊಡುತ್ತಿದ್ದಳು. "'ನಾನು ನಿರ್ಧಾರ ಮಾಡಿದೆ' ಅನ್ನು. ಆಮೇಲೆ ಯಾಕೆ ಅಂತ ಹೇಳು."

ಹುಡುಗಿ ತಲೆಯಾಡಿಸಿದಳು.

ಇನ್ನೇನು ಬೇಕಿತ್ತು ನನಗೆ? ಮೊಬೈಲು ಕಿತ್ತುಕೊಂಡು, ಮಾತು ಬಾಯಿಪಾಠ ಮಾಡಿಸಿ ಕರೆತಂದಿದ್ದಾರೆ. ಖಂಡಿತ ಇವಳು ಹುಡುಗನ ತಾಯಿ. ಮಗ ಮಾಡಿದ್ದನ್ನು ಮುಚ್ಚಿಹಾಕಲು ಮಗುವಿನಂಥ ಹುಡುಗಿಯನ್ನು ಎಳೆದು ತಂದಿದ್ದಾಳೆ. ಸೀಲಮ್ಮನ ಬಳಿ ಓಡಿದೆ.

"ಆ ಹೆಂಗಸು ಯಾರು ಮೇಡಂ?"

"ನಿನಗ್ಯಾಕೆ?"

"ಹುಡುಗಿಗೆ ಪಾಠ ಹೇಳಿಕೊಡ್ತಿದ್ದಾಳೆ. ನಾನೇ ಕೇಳಿಸ್ಕೊಂಡೆ."

"ಹೋಗಿ ನಿನ್ನ ಪಟ್ಟಿ ಕೂಗು, ಕೂಗಣ್ಣ. ಎಲ್ಲದಕ್ಕೂ ಮೂಗು ತೂರಿಸಬೇಡ" ಎಂದು ಸೀಲಮ್ಮ ಒಂದು ಕಾಗದಕ್ಕೆ ದಡ್ಡೆಂದು ಸೀಲು ಒತ್ತಿದರು. ಇವರಿಗೂ ಇದರಲ್ಲಿ ಪಾಲಿದೆಯೇನೋ ಅನ್ನಿಸಿತು. ನನ್ನ ತಲೆ ಅಷ್ಟು ಕೆಟ್ಟಿತ್ತು.

ಹನ್ನೆರಡೂವರೆಗೆ ಮೆಟ್ಟಿಲ ಬಳಿ ಒಬ್ಬ ಮನುಷ್ಯ ಬಂದು ನಿಂತ. ಐವತ್ತರ ಹತ್ತಿರ ವಯಸ್ಸು. ನೀಟಾಗಿ ಬಾಚಿದ ತಲೆ, ಒಗೆದು ತೊಟ್ಟ ಅಂಗಿ. ಕೈಯಲ್ಲಿ ಮಡಿಸಿದ ಬೂದು ಬಣ್ಣದ ಒಂದು ಹೆಣ್ಣುಮಕ್ಕಳ ಸ್ವೆಟರ್. ಎಲ್ಲರೂ ನನ್ನನ್ನು ದಾಟಿಕೊಂಡು ಹೋಗುತ್ತಾರೆ, ಇವನು ಮಾತ್ರ ನಿಂತು ಕೈ ಮುಗಿದ.

"ಅಣ್ಣಾ, ಶಾಲೆ ಹುಡುಗಿ ಒಬ್ಬಳು ಈ ಕಡೆ ಬಂದಳಾ? ನನ್ನ ಮಗಳು."

"ಇಲ್ಲಿಗ್ಯಾಕೆ ಬರ್ತಾಳೆ?" ಎಂದೆ.

"ಅದೇ ನನಗೂ ಗೊತ್ತಾಗ್ತಿಲ್ಲ. ಶಾಲೆಗೆ ಹೋಗಿಲ್ಲ ಅಂತ ಫೋನ್ ಬಂತು. ಅವಳ ಮೊಬೈಲು ಎಲ್ಲಿದೆ ಅಂತ ನನ್ನ ಮೊಬೈಲಲ್ಲಿ ಕಾಣುತ್ತೆ. ಬೆಳಿಗ್ಗೆ ಈ ಕಟ್ಟಡದ ಹತ್ತಿರ ತೋರಿಸ್ತು, ಆಮೇಲೆ ಆಫ್ ಆಯ್ತು." ಅವನು ಸ್ವೆಟರನ್ನು ಇನ್ನೊಂದು ಕೈಗೆ ಬದಲಾಯಿಸಿಕೊಂಡ. "ಒಂದು ವಾರದಿಂದ ಸರಿಯಾಗಿ ಊಟ ಮಾಡ್ತಿಲ್ಲ ಅಣ್ಣಾ. ಪಾಪ, ಅವಳಿಗೆ ಏನೂ ತಿಳಿಯಲ್ಲ. ಯಾರೋ ತಲೆ ಕೆಡಿಸಿದ್ದಾರೆ. ಚಳಿ ಇದೆ ಅಂತ ಇದನ್ನ ತಂದೆ."

ಯಾರೋ ತಲೆ ಕೆಡಿಸಿದ್ದಾರೆ. ನಾನು ಬೆಳಿಗ್ಗೆಯಿಂದ ಅಂದುಕೊಂಡದ್ದನ್ನೇ ಅವನು ಹೇಳಿದ್ದ. ಸ್ವೆಟರ್ ನೋಡಿ ಪಾಪ ಅನ್ನಿಸಿತು. ಆದರೂ ನಾನು ನಾನೇ ತಾನೇ? ಅಪ್ಪ ಎಂದು ಬಾಯಲ್ಲಿ ಹೇಳಿದವರೆಲ್ಲ ಅಪ್ಪಂದಿರಲ್ಲ. ಹುಡುಗನ ಕಡೆಯವನೂ ಇರಬಹುದು, ಸುಳ್ಳುಗಾರನೂ ಇರಬಹುದು.

"ಮಗಳ ಹೆಸರೇನು?" ಎಂದೆ.

ಹೇಳಿದ. ಹೆಸರು, ಅದರ ಹಿಂದೆ ಮನೆತನದ ಹೆಸರು. ಆ ಹೆಸರನ್ನು ಇಲ್ಲಿ ಹೇಳುವುದಿಲ್ಲ.

"ಕೆಳಗೆ ಬೆಂಚಿನ ಮೇಲೆ ಕೂತಿರಿ, ವಿಚಾರಿಸ್ತೀನಿ."

"ನಿಮ್ಮ ಉಪಕಾರ ಮರೆಯಲ್ಲ" ಎಂದು ಅವನು ಮತ್ತೆ ಕೈ ಮುಗಿದು ಇಳಿದು ಹೋದ.

ಈಗ ನನ್ನ ತಲೆಯಲ್ಲಿ ಎರಡು ಹುಳ. ಹೆಂಗಸು ಮೋಸಗಾತಿಯೇ? ಈ ಮನುಷ್ಯ ನಿಜವಾಗಿ ಅಪ್ಪನೇ? ಒಂದೇ ಕೂಗಿಗೆ ಎರಡೂ ಬಗೆಹರಿಯುತ್ತದೆ ಎಂದು ಹೊಳೆಯಿತು. ಆ ಹೆಸರು ಕೂಗುವುದು. ಹುಡುಗಿ ಎದ್ದರೆ ಅವನು ಅಪ್ಪ, ಹಾಗಾದರೆ ಹೆಂಗಸು ಕಳ್ಳಿ. ಹುಡುಗಿ ಕೂತಲ್ಲೇ ಕೂತಿದ್ದರೆ ಅವನು ಸುಳ್ಳುಗಾರ, ಕೆಳಗೆ ಹೋಗಿ ಅಟ್ಟಿಬಿಟ್ಟರಾಯಿತು. ಅಷ್ಟು ವರ್ಷದ ಅನುಭವದಲ್ಲಿ ಮೂರನೆಯದೊಂದು ಇರಬಹುದು ಎಂದು ನನಗೆ ತೋಚಲಿಲ್ಲ.

ಗಾಜಿನ ಬಾಗಿಲ ಮುಂದೆ ನಿಂತೆ. ಮೆತ್ತಗೆ ಕರೆಯಬೇಕು ಅಂದುಕೊಂಡಿದ್ದೆ, ದೇವರಾಣೆ. ಆದರೆ ನನ್ನ ಗಂಟಲಿಗೆ ಮೆತ್ತಗೆ ಎನ್ನುವುದು ಮರೆತೇಹೋಗಿದೆ. ಹೆಸರು ಬಾಯಿಗೆ ಬಂದದ್ದೇ, ಎಂದಿನ ರಾಗದಲ್ಲಿ, ಎಂದಿನ ಗತ್ತಿನಲ್ಲಿ, ಕಾರಿಡಾರಿನ ಈ ತುದಿಯಿಂದ ಆ ತುದಿಗೆ ಮೊಳಗಿತು.

ಹುಡುಗಿ ಏಳಲಿಲ್ಲ, ಕೂತಿರಲೂ ಇಲ್ಲ. ಕುರ್ಚಿಯಿಂದ ಜಾರಿ ನೆಲಕ್ಕಿಳಿದು, ಎರಡು ಬೀರುಗಳ ಸಂದಿಯಲ್ಲಿ ಸೇರಿಕೊಂಡು, ಬ್ಯಾಗನ್ನು ಮುಖಕ್ಕೆ ಅಡ್ಡ ಹಿಡಿದಳು. ಅಂಥದ್ದು ಮಾಡಿ ಅಭ್ಯಾಸವಿದ್ದವರ ಹಾಗೆ, ಒಂದಿಷ್ಟೂ ಸದ್ದಿಲ್ಲದೆ. ಹೆಂಗಸು ಧಡಕ್ಕನೆದ್ದು ಗಾಜಿಗೆ ಬೆನ್ನು ಕೊಟ್ಟು ನಿಂತು, ತಲೆ ಮಾತ್ರ ತಿರುಗಿಸಿ ಬಾಗಿಲ ಸಂದಿಯಿಂದ ನನ್ನನ್ನು ನೋಡಿದಳು. ಅವಳ ಮುಖ ಬಿಳಿಚಿಕೊಂಡಿತ್ತು.

"ಆ ಹೆಸರು ನಿಮಗೆ ಯಾರು ಹೇಳಿದ್ದು?"

"ಅವಳ ಅಪ್ಪ. ಕೆಳಗಿದ್ದಾರೆ."

"ನಾನು ಅವಳ ವಕೀಲೆ. ಕೋರ್ಟೇ ನೇಮಿಸಿರೋದು. ಬಾಗಿಲು ಹಾಕಿ, ಅವರನ್ನ ಮೇಲೆ ಬಿಡಬೇಡಿ."

ವಕೀಲೆ! ಕೆಮ್ಮು ಕೇಳಿಯೇ ವಕೀಲರನ್ನು ಗುರುತಿಸುತ್ತೇನೆಂದು ಜಂಬ ಕೊಚ್ಚಿಕೊಳ್ಳುವ ನಾನು, ಹೊಸಬಳು ಎನ್ನುವುದಕ್ಕೆ, ಕರಿಕೋಟು ಹಾಕಿಲ್ಲ ಎನ್ನುವುದಕ್ಕೆ ಏನೆಲ್ಲ ಕಥೆ ಕಟ್ಟಿಕೊಂಡಿದ್ದೆ. ಬಾಗಿಲು ಎಳೆದುಕೊಳ್ಳುವಷ್ಟರಲ್ಲಿ ಮೆಟ್ಟಿಲ ಮೇಲೆ ಸದ್ದಾಯಿತು. ಎರಡೆರಡು ಮೆಟ್ಟಿಲು ಹಾರಿ ಬರುವ ಕಾಲಿನ ಸದ್ದು.

ಅವನು ಏದುಸಿರು ಬಿಡುತ್ತ ಬಂದು ನಿಂತ. ನಗುತ್ತಿದ್ದ. "ಕೂಗಿದ್ರಲ್ಲ ಅಣ್ಣಾ. ಹಾಗಾದ್ರೆ ಇದ್ದಾಳೆ. ಯಾವ ಬಾಗಿಲು?"

ಈಗ ನೋಡಿದೆ ಅವನ ಕಣ್ಣು. ಬಾಯಿ ನನ್ನೊಡನೆ ಮಾತಾಡುತ್ತಿದ್ದರೂ ಕಣ್ಣು ಒಂದೊಂದೇ ಬಾಗಿಲಿನ ಚಿಲಕವನ್ನು ನೋಡುತ್ತಿತ್ತು.

"ಇಲ್ಲ. ಏನೋ ಒಂದು ಅರ್ಜಿ ಇತ್ತಂತೆ, ಬಂದಿಲ್ಲ. ಗೈರು ಅಂತ ಬರೆಯೋಕೆ ಮುಂಚೆ ಕೂಗಲೇಬೇಕು, ಅದಕ್ಕೇ ಕೂಗಿದೆ" ಎಂದೆ. ಸುಳ್ಳು ಹೇಳುವವರನ್ನು ಇಷ್ಟು ವರ್ಷ ನೋಡಿದ್ದು ಒಂದಿಷ್ಟು ಉಪಯೋಗಕ್ಕೆ ಬಂತು.

ಅವನು ನಗು ಬಿಡಲಿಲ್ಲ. "ಮೂರು ಸಲ ಕೂಗಬೇಕಲ್ವಾ? ನಾನೂ ಒಂದು ಸಲ ಕೋರ್ಟ್ ಮೆಟ್ಟಿಲು ಹತ್ತಿದೀನಿ. ನೀವು ಒಂದೇ ಸಲ ಕೂಗಿದ್ರಿ."

ಬೇರೆ ದಾರಿ ಇರಲಿಲ್ಲ. ಅವನ ಎದುರಿಗೆ, ಗಾಜಿನ ಬಾಗಿಲಿಗೆ ಬೆನ್ನು ಮಾಡಿ ನಿಂತು, ಎರಡನೇ ಸಲ ಕೂಗಿದೆ. ನನ್ನ ಬೆನ್ನ ಹಿಂದೆ ನಾಲ್ಕು ಹೆಜ್ಜೆ ದೂರದಲ್ಲಿ ಆ ಹುಡುಗಿ ತನ್ನ ಹೆಸರನ್ನು ಕೇಳಿಸಿಕೊಳ್ಳುತ್ತ ಕೂತಿದ್ದಳು. ಅವನು ತಲೆ ಓರೆ ಮಾಡಿ ಆಲಿಸಿದ. ಕುರ್ಚಿ ಸರಿದ ಸದ್ದು, ಅಳು, ಉಸಿರು, ಏನಾದರೂ ಕೇಳಿಸೀತೇ ಎಂದು ಕಾದ. ಮೂರನೇ ಸಲ ಕೂಗಿದೆ. ಆ ಒಂದು ನಿಮಿಷದಲ್ಲಿ ನನಗೆ ಆದಷ್ಟು ಹೆದರಿಕೆ, ನಾಚಿಕೆ ಬದುಕಿನಲ್ಲಿ ಎಂದೂ ಆಗಿರಲಿಲ್ಲ.

ಯಾರೂ ಬರಲಿಲ್ಲ.

"ಗೈರು" ಎಂದೆ.

"ಇರಲಿ" ಎಂದ ಅವನು. "ಬಾಗಿಲು ಒಂದೇ ಅಲ್ವಾ ಇಷ್ಟು ದೊಡ್ಡ ಕಟ್ಟಡಕ್ಕೆ. ಅಲ್ಲೇ ನಿಂತಿರ್ತೀನಿ. ಬಂದೇ ಬರ್ತಾಳೆ." ಸ್ವೆಟರಿನ ಮಡಿಕೆ ಸರಿಮಾಡಿಕೊಳ್ಳುತ್ತ ನಿಧಾನವಾಗಿ ಇಳಿದು ಹೋದ. ನಾನು ಹೇಳಿದ್ದನ್ನು ಅವನು ಒಂದಿಷ್ಟೂ ನಂಬಿರಲಿಲ್ಲ.

ಚೇಂಬರಿನಿಂದ ಬುಲಾವ್ ಬಂತು. ನ್ಯಾಯಾಧೀಶರು ಹೆಂಗಸು, ಮೆಲುಮಾತಿನವರು. ಹುಡುಗಿ, ವಕೀಲೆ ಇಬ್ಬರೂ ಎದುರಿಗೆ ಕೂತಿದ್ದರು. ನಡೆದದ್ದನ್ನೆಲ್ಲ ಒಂದೂ ಬಿಡದೆ ಒಪ್ಪಿಸಿದೆ. ವಕೀಲೆಯನ್ನು ಹುಡುಗನ ತಾಯಿ ಎಂದು ತಿಳಿದದ್ದನ್ನೂ ಹೇಳಿದೆ. ಮೊಬೈಲು ಎಲ್ಲಿದೆ ಎಂದು ಕಂಡರೆ ಅಪ್ಪ ಹುಡುಕಿಕೊಂಡು ಬರುತ್ತಾನೆ ಎಂದೇ ಅದನ್ನು ಆಫ್ ಮಾಡಿ ಇಟ್ಟುಕೊಂಡೆ ಎಂದು ವಕೀಲೆ ಹೇಳಿದರು. 'ಅವರು ಹೇಳಿದ್ರು' ಎಂಬುದರಲ್ಲಿನ 'ಅವರು' ಡಾಕ್ಟರಂತೆ. ಹುಡುಗಿಗೆ ಗಾಬರಿಯಾದರೆ ಡಾಕ್ಟರು ಹೇಳಿದ್ದನ್ನು ಮೊದಲು ಹೇಳಿ, ತನ್ನ ಮಾತನ್ನು ಆಮೇಲೆ ಹೇಳುತ್ತಾಳಂತೆ.

"ಆ ಮನುಷ್ಯ ನಿನ್ನ ತಂದೆನೇ ಇರಬಹುದಾ?" ಎಂದು ನ್ಯಾಯಾಧೀಶರು ಹುಡುಗಿಯನ್ನು ಕೇಳಿದರು.

ಹುಡುಗಿ ನನ್ನ ಕಡೆ ತಿರುಗಿದಳು. "ಕೈಯಲ್ಲಿ ಏನಿತ್ತು?"

"ಸ್ವೆಟರ್" ಎಂದೆ. "ಬೂದು ಬಣ್ಣದ್ದು. ಚಳಿ ಇದೆ ಅಂತ ನಿನಗೆ ತಂದೆ ಅಂದ್ರು."

"ಅದು ಅಕ್ಕಂದು." ಅವಳು ನ್ಯಾಯಾಧೀಶರ ಕಡೆ ನೋಡಿದಳು. "ಅಕ್ಕ ಹಾಸ್ಟೆಲಿಗೆ ಓಡಿಹೋಗಿದ್ದಾಗಲೂ ಅಪ್ಪ ಆ ಸ್ವೆಟರ್ ತಗೊಂಡೇ ಹೋಗಿದ್ರು. ಅಲ್ಲಿ ಎಲ್ಲರೂ ಪಾಪ ಅಂದು ಕಳಿಸಿಕೊಟ್ರು. ಅವಳ ಬಲಗೈ ಈಗಲೂ ಪೂರ್ತಿ ಮೇಲೆ ಹೋಗಲ್ಲ. ಅಮ್ಮ ಎಲ್ಲಾ ನೋಡಿದಾರೆ. ಏನೂ ಅನ್ನಲಿಲ್ಲ."

ಆ ಕೋಣೆಯಲ್ಲಿ ನಾನು ಎಲ್ಲಿ ನೋಡಬೇಕೆಂದು ತಿಳಿಯದೆ ನೆಲ ನೋಡಿದೆ. ನ್ಯಾಯಾಧೀಶರು ನನ್ನನ್ನೂ ವಕೀಲೆಯನ್ನೂ ಹೊರಗೆ ಕಳಿಸಿ, ಹುಡುಗಿಯೊಬ್ಬಳನ್ನೇ ಇರಿಸಿಕೊಂಡರು. ನಲವತ್ತು ನಿಮಿಷ. ಗಾಜಿನ ರೂಮಿನಲ್ಲಿ ವಕೀಲೆ ಒಂದು ಕುರ್ಚಿಯಲ್ಲಿ, ನಾನು ಬಾಗಿಲಿಗೆ ಒರಗಿ. ಆಕೆ ನನ್ನನ್ನು ಬಯ್ಯಲಿಲ್ಲ. ಬಯ್ದಿದ್ದರೆ ಚೆನ್ನಾಗಿತ್ತು.

ಅನುಮತಿ ಸಿಕ್ಕಿತು. ಸೀಲಮ್ಮ ಲಕೋಟೆ ತಂದು, ಅರಗು ಕರಗಿಸಿ, ಮೊಹರು ಒತ್ತಿದರು. ಒಳಗೆ ಹೆಸರಿಲ್ಲ, ಬರೀ 'ಅ'. ಅಷ್ಟು ಜೋಪಾನವಾಗಿ ಮುಚ್ಚಿದ ಲಕೋಟೆಯನ್ನು ನೋಡಿ ನನಗೆ ಅಳು ಬಂದಂತಾಯಿತು. ಇನ್ನು ಅದರಲ್ಲಿ ಮುಚ್ಚಿಡಲು ಏನು ಉಳಿದಿತ್ತು? ಸಂಜೆ ಶಾಲೆ ಬಿಡುವ ಹೊತ್ತಿಗೆ ಏನೂ ಆಗದವಳಂತೆ ಮನೆಗೆ ಹೋಗಬೇಕಾಗಿದ್ದ ಹುಡುಗಿ ಈಗ ಮನೆಗೆ ಹೋಗುವಂತಿರಲಿಲ್ಲ. ಹೆಣ್ಣುಮಕ್ಕಳ ಆಶ್ರಮವೊಂದರಲ್ಲಿ ಅವಳಿಗೆ ಜಾಗ ಮಾಡಿಸಿ, ಕಾರನ್ನು ಕಟ್ಟಡದ ಹಿಂದಕ್ಕೆ ತರಿಸಿದರು. ಅಲ್ಲಿಗೆ ಇಳಿಯುವ ಮೆಟ್ಟಿಲು ಸಿಬ್ಬಂದಿಗೆ ಮಾತ್ರ, ಗೇಟಿನ ಬೀಗದ ಕೈ ಇರುವುದು ನನ್ನ ಹತ್ತಿರ.

ನಾನು ಮುಂದೆ, ಅವರಿಬ್ಬರು ಹಿಂದೆ ಇಳಿದೆವು.

"ಮನೆಯಿಂದ ಏನಾದ್ರೂ ತರಿಸಬೇಕಾ?" ಎಂದು ವಕೀಲೆ ಕೇಳುತ್ತಿದ್ದರು.

"ಸೋಮವಾರ ಪರೀಕ್ಷೆ ಇದೆ" ಎಂದಳು ಹುಡುಗಿ. "ಪುಸ್ತಕ ಎಲ್ಲಾ ಅಲ್ಲೇ ಇದೆ. ಅಕ್ಕನೂ ಅಲ್ಲೇ ಇದ್ದಾಳೆ."

ಕೆಳಗೆ ತಲುಪಿದಾಗ ವಕೀಲೆ ಕಾರು ಬಂದಿದೆಯೇ ಎಂದು ಕಿಟಕಿಯಿಂದ ಇಣುಕಿದರು. ನಾನು ಕೀಲಿಗೊಂಚಲು ಹಿಡಿದು, ಸರಿಯಾದ ಕೀಲಿ ಸಿಗದೆ, ಹುಡುಗಿಯ ಮುಖ ನೋಡಲಾಗದೆ ನಿಂತಿದ್ದೆ. ಏನಾದರೂ ಹೇಳಲೇಬೇಕಿತ್ತು.

"ತಪ್ಪಾಯ್ತಮ್ಮ. ನಿನ್ನನ್ನ ಯಾರೋ ಬಲವಂತದಿಂದ ಕರ್ಕೊಂಡು ಬಂದಿದ್ದಾರೆ ಅಂದ್ಕೊಂಡೆ. ನಿನ್ನ ಒಳ್ಳೇದಕ್ಕೇ ಅಂತ..."

"ಲಾಯರ್ ಮೇಡಂನ ಕೇಳಿದ್ರಿ" ಎಂದಳು ಅವಳು. ದನಿಯಲ್ಲಿ ಸಿಟ್ಟಿರಲಿಲ್ಲ, ಬಸ್ಸಿನ ವೇಳೆ ಹೇಳುವವರ ಹಾಗಿತ್ತು. "ಆ ಸೀಲ್ ಹಾಕೋರನ್ನ ಕೇಳಿದ್ರಿ. ನಮ್ಮಪ್ಪನ್ನ ಕೇಳಿದ್ರಿ. ನಾನು ಬೆಳಿಗ್ಗೆ ಹತ್ತು ಗಂಟೆಯಿಂದ ಅಲ್ಲೇ ಕೂತಿದ್ದೆ ಅಂಕಲ್. ನೀರು ಕೊಡೋಕೆ ಬಂದಾಗಲಾದ್ರೂ ನನ್ನನ್ನೇ ಕೇಳಬಹುದಿತ್ತು."

ಬೀಗ ತೆಗೆದು ಪಕ್ಕಕ್ಕೆ ಸರಿದೆ, ಅವಳು ಬ್ಯಾಗನ್ನು ಹೆಗಲಿಗೇರಿಸಿಕೊಂಡು ಕಾರಿನ ಕಡೆ ನಡೆದಳು.